ದೋಣಿಯ ಮೈಗೆ ಬಳಿದದ್ದು: ಮೀನೆಣ್ಣೆಯಿಂದ ಜೆಲ್‌ಕೋಟಿನ ತನಕ

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ಬಾಯಿಯವರೆಗಿನ ಕಡಲಕರೆಯಲ್ಲಿ ಈಗ ಮರದ ದೋಣಿ ನೋಡ್ಬೇಕಾದರೆ ಹುಡುಕಿಕೊಂಡು ಹೋಗ್ಬೇಕು. ಉಪ್ಪಳ, ಶಿರಿಯ, ಕೊಯಿಪಾಡಿ, ಮೊಗ್ರಾಲ್, ಎಲ್ಲಿ ನೋಡಿದರೂ ಬಿಳಿ, ನೀಲಿ, ಹಳದಿ ಬಣ್ಣದ ಫೈಬರ್ ದೋಣಿಗಳೇ. ನಮ್ಮ ಮಕ್ಕಳಿಗೆ ದೋಣಿ ಅಂದರೆ ಅದೇ. ಆ ಮಿನುಗುವ ಬಣ್ಣ ಪೈಂಟ್ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಪೈಂಟ್ ಅಲ್ಲ. ಅದಕ್ಕೆ ಜೆಲ್‌ಕೋಟ್ ಅಂತ ಹೆಸರು. ದೋಣಿಯ ಹೊರಚರ್ಮ ಅದು. ಅದು ಸರಿಯಾಗಿ ಕಟ್ಟಿಕೊಂಡರೆ ದೋಣಿಗೆ ಆಯಸ್ಸು, ಕಟ್ಟದೆ ಅಂಟಂಟಾಗಿ ಉಳಿದರೆ ನೀರು ಒಳಗೆ ಇಳಿದು ದೋಣಿ ಒಳಗಿಂದೊಳಗೇ ಕೆಡುತ್ತದೆ. ರಿಪೇರಿ ಮಾಡಿದ ಜಾಗದಲ್ಲಿ ಇದು ಯಾಕೆ ಅಷ್ಟು ಸಲ ಕೈಕೊಡುತ್ತದೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ದೋಣಿಯ ಮೈಗೆ ನಮ್ಮವರು ಮೊದಲು ಎಂತ ಬಳಿಯುತ್ತಿದ್ದರು, ಅದು ಹೇಗೆ ಒಣಗುತ್ತಿತ್ತು ಎಂಬಲ್ಲಿಂದ ಸುರು ಮಾಡುತ್ತೇನೆ.

ಹಳೆಯ ದೋಣಿಗೆ ಮೊಳೆ ಇರಲಿಲ್ಲ. ಹಲಗೆಗೆ ಹಲಗೆ ತಾಗಿಸಿ, ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹುರಿಯಲ್ಲಿ ಹೊಲಿಯುತ್ತಿದ್ದರು. ಬಟ್ಟೆ ಹೊಲಿದ ಹಾಗೆಯೇ. 13ನೆಯ ಶತಮಾನದ ಕೊನೆಗೆ ಮಾರ್ಕೊ ಪೋಲೋ ಪರ್ಷಿಯಾದ ಹೋರ್ಮುಜ್ ಬಂದರಿನಲ್ಲಿ ಇಂಥ ಹಡಗು ನೋಡಿ, ಇದಕ್ಕೆ ಕಬ್ಬಿಣವಿಲ್ಲ, ತೆಂಗಿನ ನಾರಿನ ಹೊಲಿಗೆ, ಮೇಲೆ ಮೀನಿನೆಣ್ಣೆ ಬಳಿದಿದ್ದಾರೆ ಅಂತ ಬರೆದ. ಅವನಿಗೆ ಅದು ಹೆದರಿಕೆ ಹುಟ್ಟಿಸಿತ್ತು. 1342ರ ಸುಮಾರಿಗೆ ಇಬ್ನ್ ಬತೂತ ನಮ್ಮ ಕರಾವಳಿಯಲ್ಲೇ ಹಾದುಹೋದ. ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ದಕ್ಷಿಣಕ್ಕೆ ಏಳಿಮಲೆಯ ಕಡೆ ಹೋದ. ಅಂದರೆ ನಮ್ಮ ಕುಂಬಳೆ, ಕಾಸರಗೋಡಿನ ಎದುರಿನ ನೀರಿನಲ್ಲೇ ಅವನ ಹಡಗು ಹೋಗಿರಬೇಕು. ಮಾಲ್ಡೀವ್ಸಿನ ತೆಂಗಿನ ನಾರಿನ ಹುರಿಯಿಂದ ಭಾರತದ ಮತ್ತು ಯೆಮನಿನ ಹಡಗುಗಳನ್ನು ಹೊಲಿಯುತ್ತಾರೆ ಅಂತ ಅವನೂ ಬರೆದಿದ್ದಾನೆ.

ಆ ಹುರಿಯ ವ್ಯಾಪಾರದಲ್ಲಿ ನಮ್ಮ ಊರಿಗೂ ಪಾಲು ಇತ್ತು. ಇದು ನಮ್ಮ ಶಾಲೆಯ ಪುಸ್ತಕದಲ್ಲಿ ಇಲ್ಲ, ಇರಬೇಕಿತ್ತು. ಪೋರ್ಚುಗೀಸರ ಬಾರ್ಬೋಸ ಎಂಬವನು ಸುಮಾರು 1516ರ ಹೊತ್ತಿಗೆ ಬರೆದ ಲೆಕ್ಕದಲ್ಲಿ ಕುಂಬಳೆಯ ಹೆಸರು ಬರುತ್ತದೆ. ಇಲ್ಲಿ ಅಗ್ಗದ ಕಪ್ಪು ಅಕ್ಕಿ ತುಂಬಾ ಬೆಳೆಯುತ್ತದೆ, ಮಲಬಾರಿನವರು ಬಂದು ಕೊಳ್ಳುತ್ತಾರೆ, ಮಾಲ್ಡೀವ್ಸ್ ದ್ವೀಪಗಳಿಗೂ ಹೋಗುತ್ತದೆ, ಅಲ್ಲಿಂದ ಬದಲಿಗೆ ತೆಂಗಿನ ನಾರಿನ ಹುರಿ ಬರುತ್ತದೆ ಅಂತ ಅವನು ಹೇಳುತ್ತಾನೆ. ಅಕ್ಕಿ ಕೆಟ್ಟದ್ದು ಅಂತ ಬೇರೆ ಬರೆದಿದ್ದಾನೆ. ಬಿಳಿ ಅಕ್ಕಿ ತಿನ್ನುವವನ ಕಣ್ಣಿಗೆ ನಮ್ಮ ಕೆಂಪು ಅಕ್ಕಿ ಹಾಗೆ ಕಂಡಿರಬೇಕು ಅಂತ ನನ್ನ ಎಣಿಕೆ. ಏನಿದ್ದರೂ ಕುಂಬಳೆ ಸೀಮೆಯ ಗದ್ದೆಯ ಬತ್ತ ಸಮುದ್ರ ದಾಟಿ ಹೋಗಿ ದೋಣಿ ಹೊಲಿಯುವ ಹುರಿಯಾಗಿ ವಾಪಸ್ಸು ಬರುತ್ತಿತ್ತು. ಬೇಸಾಯಗಾರನಿಗೂ ಮೊಗವೀರನಿಗೂ ಅಷ್ಟು ಹಳೆಯ ಸಂಬಂಧ.

ಹೊಲಿಗೆಯ ದೋಣಿಗೆ ಒಂದು ಗುಣ ಉಂಟು. ಅದು ಬಾಗುತ್ತದೆ. ನಮ್ಮ ಕರೆಯಲ್ಲಿ ಅಲೆ ಒಡೆಯುವ ಜಾಗದಲ್ಲೇ ದೋಣಿ ಇಳಿಸಬೇಕು, ಅಲ್ಲೇ ಏರಿಸಬೇಕು. ಮೊಳೆ ಹೊಡೆದ ಗಟ್ಟಿ ದೋಣಿ ಹೊಯಿಗೆಗೆ ಬಡಿದರೆ ಬಿರಿಯುತ್ತದೆ, ಹೊಲಿದದ್ದು ಸ್ವಲ್ಪ ಜಗ್ಗಿ ಉಳಿಯುತ್ತದೆ. ಆದರೆ ಸಂದಿಯಲ್ಲಿ ನೀರು ಜಿನುಗುವುದು ತಪ್ಪದು. ಆ ಜಿನುಗು ನಿಲ್ಲಿಸುವುದಕ್ಕೇ ನಾರು ತುರುಕುವುದು, ಧೂಪದ ಮರದ ಅಂಟನ್ನು ಎಣ್ಣೆಯಲ್ಲಿ ಕಾಯಿಸಿ ಹಚ್ಚುವುದು, ಮೇಲಿಂದ ಮೈಪೂರ್ತಿ ಎಣ್ಣೆ ಬಳಿಯುವುದು. ಬೂತಾಯಿಯ ಎಣ್ಣೆ, ಹೊನ್ನೆ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ. ಇದರಲ್ಲಿ ಗೇರಿನದ್ದು ಹೊಸತು, ಯಾಕೆಂದರೆ ಗೇರುಮರವೇ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಈಗ ನಮ್ಮ ಗುಡ್ಡೆಯದ್ದೇ ಮರ ಅಂತ ಆಗಿಬಿಟ್ಟಿದೆ. ಗೇರಿನ ಸಿಪ್ಪೆಯೆಣ್ಣೆ ತಾಗಿದರೆ ಕೈ ಸುಟ್ಟು ಚರ್ಮ ಏಳುತ್ತದೆ. ಮರ ಕೊರೆಯುವ ಹುಳುವಿಗೂ ಅದು ಆಗುವುದಿಲ್ಲ. ಅದಕ್ಕೇ ಬಳಿಯುವುದು.

ಇಲ್ಲಿ ಒಂದು ವಿಷಯ ಗಮನಿಸಿ. ಮುಂದೆ ಬೇಕಾಗುತ್ತದೆ. ಮೀನೆಣ್ಣೆ ಬಳಿದ ದೋಣಿಯನ್ನು ಬಿಸಿಲಿಗೆ, ಗಾಳಿಗೆ ಬೋರಲು ಹಾಕಿ ಬಿಡುತ್ತಿದ್ದರು. ಕೆಲವು ದಿನದಲ್ಲಿ ಎಣ್ಣೆ ಅಂಟು ಬಿಟ್ಟು ತೆಳ್ಳಗಿನ ಪೊರೆಯಾಗಿ ಕಟ್ಟುತ್ತಿತ್ತು. ನೀರು ಆರಿ ಒಣಗುವ ಹಾಗೆ ಎಣ್ಣೆ ಆರಿ ಹೋಗುವುದಲ್ಲ ಅದು. ಗಾಳಿಯಲ್ಲಿ ಇರುವ ಆಮ್ಲಜನಕವನ್ನು ಎಣ್ಣೆ ಎಳೆದುಕೊಂಡು, ಅದರಿಂದ ಎಳೆಗೆ ಎಳೆ ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಹಳೆಯ ಲೇಪಕ್ಕೆಲ್ಲ ಗಾಳಿಯೇ ಗುರು. ಗಾಳಿ ಜಾಸ್ತಿ ತಾಗಿದಷ್ಟು ಒಳ್ಳೆಯದು. ನೂರಾರು ವರ್ಷ ಕಡಲಕರೆಯ ಕೈಗೆ ಅಭ್ಯಾಸ ಆದದ್ದು ಈ ಪಾಠ.

ಮತ್ತೆ ಯಂತ್ರ ಬಂತು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಪ್ಪಂದ ಮಾಡಿ, ಮರುವರ್ಷ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಕೆಲಸ ಸುರು ಮಾಡಿದರು. ಅಲ್ಲಿಂದ ಯಂತ್ರದ ಬೋಟು ಕೇರಳದ ಉದ್ದಕ್ಕೂ ಹಬ್ಬಿತು. ಕೊಚ್ಚಿಯಲ್ಲಿ 1957ರಲ್ಲಿ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಮರ ಹಾಳಾಗದ ಹಾಗೆ ಮಾಡುವುದು ಹೇಗೆ, ಹೊರಗಿನಿಂದ ಹೊದಿಕೆ ಕೊಡುವುದು ಹೇಗೆ ಎಂಬ ಪ್ರಯೋಗಗಳು ಅಲ್ಲಿ ನಡೆದವು. ಸಣ್ಣ ದೋಣಿಗೆ ಹಿಂಬದಿಯಲ್ಲಿ ಕಟ್ಟುವ ಔಟ್‌ಬೋರ್ಡ್ ಯಂತ್ರ ಬಂದದ್ದು 1980ರ ದಶಕದಲ್ಲಿ. ಹುಟ್ಟು ಹಾಕುವಾಗ ದೋಣಿಗೆ ಬೀಳುವ ಏಟೇ ಬೇರೆ, ಯಂತ್ರದ ಓಟದಲ್ಲಿ ಅಲೆಯ ಮೇಲೆ ಬಡಿದುಕೊಂಡು ಹೋಗುವ ಏಟೇ ಬೇರೆ. ಹೊಲಿಗೆ ಅಷ್ಟು ತಾಳಲಿಲ್ಲ. ಅದೇ ಹೊತ್ತಿಗೆ ದೋಣಿಗೆ ಬೇಕಾದ ಹೆಬ್ಬಲಸು, ದೊಡ್ಡ ಮಾವು ಸಿಗುವುದು ಕಮ್ಮಿ ಆಯಿತು, ಸಿಕ್ಕಿದರೂ ಬೆಲೆ ಕೈಗೆ ಎಟುಕದು. ತಿರುವನಂತಪುರ, ಕನ್ಯಾಕುಮಾರಿ ಕಡೆ ಪ್ಲೈವುಡ್ಡಿನ ದೋಣಿ ಮಾಡಿ ಮೇಲೆ ಫೈಬರ್ ಹೊದಿಸಿದರು. ಆಮೇಲೆ ಪೂರಾ ಫೈಬರಿನದ್ದೇ ಬಂತು. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಫೈಬರ್ ದೋಣಿಗಳನ್ನು ರಾಶಿ ರಾಶಿಯಾಗಿ ಹಂಚಿದರು. ಅವಸರದಲ್ಲಿ ಮಾಡಿದ್ದರಲ್ಲಿ ತುಂಬಾ ಕಳಪೆ ಅಂತ ದೂರು ಬಂತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಫೈಬರ್ ದೋಣಿ ಮಾಡುವ ಕ್ರಮದ ಬಗ್ಗೆ ಕೈಪಿಡಿಗಳನ್ನೇ ತಂದಿದೆ.

ಈ ಫೈಬರ್ ಹುಟ್ಟಿದ್ದು ಅಮೆರಿಕದಲ್ಲಿ. ಗಾಜನ್ನು ನೂಲಿನ ಹಾಗೆ ಎಳೆಯುವ ದಾರಿ 1932ರಲ್ಲಿ ಸಿಕ್ಕಿತು. ಗೇಮ್ಸ್ ಸ್ಲೇಟರ್ ಎಂಬವರ ಕೈಕೆಳಗಿದ್ದ ಡೇಲ್ ಕ್ಲೈಸ್ಟ್ ಎಂಬ ಹುಡುಗ ಬೇರೇನೋ ಮಾಡಲು ಹೋಗಿ, ಕರಗಿದ ಗಾಜಿಗೆ ಗಾಳಿಯ ಏಟು ಬಿದ್ದು ಅದು ನಾರು ನಾರಾಗಿ ಹಾರಿತು. ಅದೇ ದಶಕದಲ್ಲಿ ಕಾರ್ಲ್‌ಟನ್ ಎಲ್ಲಿಸ್ ಎಂಬ ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ರೆಸಿನ್, ಅಂದರೆ ಹಾಕಿದ ಜಾಗದಲ್ಲೇ ಗಟ್ಟಿ ಕಟ್ಟುವ ಅಂಟುದ್ರವ ಕಂಡುಹಿಡಿದರು. ಎರಡನ್ನೂ ಸೇರಿಸಿ 1942ರಲ್ಲಿ ಓಹಿಯೋ ರಾಜ್ಯದ ರೇ ಗ್ರೀನ್ ಒಂದು ಸಣ್ಣ ದೋಣಿ ಮಾಡಿದರು. ಗಾಜಿನ ನಾರು, ಮೇಲೆ ಅಂಟು. ಯೋಚನೆ ಮಾಡಿದರೆ ನಮ್ಮವರ ತೆಂಗಿನ ನಾರು ಮತ್ತು ಧೂಪದ ಅಂಟಿನ ಲೆಕ್ಕವೇ. ವಸ್ತು ಮಾತ್ರ ಬೇರೆ.

ಆದರೆ ಕಟ್ಟುವ ಕ್ರಮ ಪೂರಾ ತಿರುಗುಮುರುಗು. ಆಚಾರಿ ಮರದ ದೋಣಿಯನ್ನು ಒಳಗಿನಿಂದ ಹೊರಗೆ ಕಟ್ಟುತ್ತಾನೆ, ಲೇಪ ಬಳಿಯುವುದು ಕಟ್ಟಕಡೆಗೆ. ಫೈಬರ್ ದೋಣಿಗೆ ಹೊರಚರ್ಮವೇ ಮೊದಲು. ಮೊದಲು ದೋಣಿಯ ಆಕಾರದ ದೊಡ್ಡ ಅಚ್ಚು ಇರುತ್ತದೆ. ಅಚ್ಚಿನ ಒಳಮೈಗೆ ಮೇಣ ಉಜ್ಜಿ ಹೊಳಪು ಮಾಡುತ್ತಾರೆ, ದೋಣಿ ಅಂಟದೆ ಬಿಡಲಿ ಅಂತ. ಅದರ ಮೇಲೆ ಜೆಲ್‌ಕೋಟ್ ಹಚ್ಚುತ್ತಾರೆ. ಜೆಲ್‌ಕೋಟ್ ಅಂದರೂ ಅದೇ ಪಾಲಿಯೆಸ್ಟರ್ ರೆಸಿನ್ನೇ, ಅದಕ್ಕೆ ಬಣ್ಣ ಮತ್ತು ಗೋಡೆಯಿಂದ ಇಳಿಯದ ಹಾಗೆ ದಪ್ಪ ಮಾಡುವ ನುಣುಪು ಪುಡಿ ಸೇರಿಸಿರುತ್ತಾರೆ. ದಪ್ಪ ಅರ್ಧ ಮಿಲಿಮೀಟರಿನ ಆಚೀಚೆ, ಎರಡು ಮದುವೆ ಕಾಗದ ಒಟ್ಟಿಗೆ ಹಿಡಿದಷ್ಟು. ಅದು ಸ್ವಲ್ಪ ಕಟ್ಟಿದ ಮೇಲೆ ಹಿಂದಿನಿಂದ ಗಾಜಿನ ನಾರಿನ ಮ್ಯಾಟ್ ಇಟ್ಟು ರೆಸಿನ್ ಕುಡಿಸುತ್ತಾ ಹೋಗುವುದು. ಎಲ್ಲ ಮುಗಿದ ಮೇಲೆ ಅಚ್ಚಿನಿಂದ ಎಬ್ಬಿಸಿದರೆ ಹೊರಮೈ ಕನ್ನಡಿ.

ಯಾಕೆ ಕನ್ನಡಿ? ಅಚ್ಚಿಗೆ ಒತ್ತಿಕೊಂಡಿದ್ದ ಆ ಮೈಗೆ ಗಾಳಿಯೇ ತಾಗಿರುವುದಿಲ್ಲ. ಗುಟ್ಟು ಇರುವುದು ಇಲ್ಲೇ.

ಇದನ್ನು ಹೀಗೆ ತಿಳಿಯಬಹುದು. ಮಕ್ಕಳು ಕೈಕೈ ಹಿಡಿದು ಸರಪಳಿ ಆಟ ಆಡುತ್ತಾರಲ್ಲ, ಜೆಲ್‌ಕೋಟ್ ಕಟ್ಟುವುದು ಹಾಗೆ. ರೆಸಿನ್ನಿನ ಉದ್ದ ಎಳೆಗಳು ಸ್ಟೈರೀನ್ ಎಂಬ ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತವೆ. ಕೆಟಲಿಸ್ಟ್ ಹಾಕಿದ ಕೂಡಲೆ ಒಂದೊಂದು ಕಡೆ ಒಬ್ಬೊಬ್ಬ ಕೈ ಚಾಚುತ್ತಾನೆ. ಅವನ ಕೈಯನ್ನು ಸ್ಟೈರೀನ್ ಹಿಡಿಯುತ್ತದೆ, ಅದರ ಕೈಯನ್ನು ಮತ್ತೊಂದು ಎಳೆ. ಹೀಗೆ ಎಲ್ಲ ಒಂದೇ ಬಲೆಯಾಗಿ ಗಟ್ಟಿಯಾಗುತ್ತದೆ. ಗಾಳಿಯ ಆಮ್ಲಜನಕ ನಡುವೆ ಬಂದು ಆ ಚಾಚಿದ ಕೈಗೆ ಜೋತುಬಿದ್ದರೆ ಸರಪಳಿ ಅಲ್ಲಿಗೇ ನಿಂತಿತು, ಆ ಕೈ ಇನ್ನು ಬೇರೆಯವರನ್ನು ಹಿಡಿಯುವುದಿಲ್ಲ. ಹಾಗಾಗಿ ಕೆಳಗೆಲ್ಲ ಕಲ್ಲಿನ ಹಾಗೆ ಕಟ್ಟಿದರೂ ಗಾಳಿ ತಾಗುವ ಮೇಲ್ಪದರ ಮಾತ್ರ ಬೆಲ್ಲದ ಪಾಕದ ಹಾಗೆ ಅಂಟಂಟು. ಮೀನೆಣ್ಣೆಗೆ ಕೊಂಡಿ ಹಾಕಿಕೊಟ್ಟ ಅದೇ ಗಾಳಿ ಇಲ್ಲಿ ಕೊಂಡಿ ತಪ್ಪಿಸುತ್ತದೆ.

ಹೊಸ ದೋಣಿ ಮಾಡುವಾಗ ಇದರಿಂದ ಉಪಕಾರವೇ. ಜೆಲ್‌ಕೋಟಿನ ಬೆನ್ನು ಅಂಟಾಗಿದ್ದರೆ ಅದರ ಮೇಲೆ ಬರುವ ಮ್ಯಾಟ್ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ರಿಪೇರಿಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಅಚ್ಚು ಇಲ್ಲ. ದೋಣಿ ಕಲ್ಲಿಗೆ ತಾಗಿ ಕಿತ್ತುಹೋದ ಜಾಗಕ್ಕೆ ಹೊರಗಿನಿಂದ ಜೆಲ್‌ಕೋಟ್ ಹಚ್ಚಬೇಕು, ಗಾಳಿಗೆ ಒಡ್ಡಿದ ಮೈಯೇ ನಾಳೆ ಸಮುದ್ರಕ್ಕೆ ಒಡ್ಡುವ ಮೈ. ಎಣ್ಣೆ ಬಳಿದು ಬೆಳೆದ ಕೈ ಆಗ ಎಂತ ಮಾಡುತ್ತದೆ? ಅಂಟು ಬಿಟ್ಟಿಲ್ಲ ಅಂತ ದೋಣಿಯನ್ನು ಇನ್ನೂ ಗಾಳಿಗೆ ತಿರುಗಿಸಿ ಇಡುತ್ತದೆ. "ನಾಳೆಗೆ ಒಣಗ್ತದೆ ಬಿಡಿ" ಅಂತ ಹೇಳುತ್ತದೆ. ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ಗಾಳಿಗೆ ಸ್ಟೈರೀನ್ ಹಾರಿಹೋಗಿ ಇನ್ನೂ ಹಾಳು, ಯಾಕೆಂದರೆ ಕೈ ಹಿಡಿಯಬೇಕಾದವನೇ ಆಟ ಬಿಟ್ಟು ಹೋದ. ನನ್ನ ಕೇಳಿದರೆ ತಪ್ಪು ಕೈಯದ್ದಲ್ಲ, ಶಬ್ದದ್ದು. ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ನಾವೆಲ್ಲ ಇದಕ್ಕೂ ಒಣಗುವುದು ಅಂತಲೇ ಹೇಳುತ್ತೇವೆ. ಜೆಲ್‌ಕೋಟ್ ಒಣಗುವುದಲ್ಲ, ಮೊಸರು ಹೆಪ್ಪುಗಟ್ಟುವ ಹಾಗೆ ಒಳಗಿನಿಂದ ಕಟ್ಟುವುದು. ಮೊಸರಿನ ಪಾತ್ರೆಯನ್ನು ಯಾರಾದರೂ ಗಾಳಿಗೆ ಇಡುತ್ತಾರಾ? ಮುಚ್ಚಿ ಇಡುತ್ತಾರೆ.

ಇಲ್ಲಿಯೂ ಮುಚ್ಚುವುದೇ ಮದ್ದು. ಮುಚ್ಚಲಿಕ್ಕೆ ದಾರಿ ಎರಡು ಮೂರು ಉಂಟು. ಒಂದು, ಜೆಲ್‌ಕೋಟಿಗೇ ಮೇಣ ಸೇರಿಸುವುದು. ಪ್ಯಾರಾಫಿನ್ ಮೇಣವನ್ನು ಸ್ಟೈರೀನಿನಲ್ಲಿ ಕರಗಿಸಿದ ದ್ರಾವಣ ಸಿಗುತ್ತದೆ. ನೂರು ಪಾಲಿಗೆ ಸಾಧಾರಣ 2ರಿಂದ 5 ಪಾಲು, ಡಬ್ಬದಲ್ಲಿ ಬರೆದ ಲೆಕ್ಕವೇ ಲೆಕ್ಕ. ಜೆಲ್‌ಕೋಟ್ ಕಟ್ಟುತ್ತಾ ಬರುವಾಗ ಮೇಣ ಮೇಲಕ್ಕೆ ತೇಲಿ, ಹಾಲಿನ ಕೆನೆಯ ಹಾಗೆ ಪೊರೆ ಕಟ್ಟಿ ಗಾಳಿ ತಡೆಯುತ್ತದೆ. ಮೇಣ ಹಾಕಿದ್ದು ಕಡೆಯ ಪದರಕ್ಕೆ ಮಾತ್ರ ಆಗಬೇಕು. ಅದರ ಮೇಲೆ ಮತ್ತೊಂದು ಪದರ ಹಾಕಬೇಕಾದರೆ ಉಪ್ಪುಕಾಗದದಲ್ಲಿ ಉಜ್ಜಿ ಮೇಣ ತೆಗೆಯದೆ ಹಿಡಿಯುವುದಿಲ್ಲ. ಎರಡು, ಸಣ್ಣ ಜಾಗವಾದರೆ ತೆಳು ಪಾಲಿಯೆಸ್ಟರ್ ಹಾಳೆಯನ್ನು ಮೇಲೆ ಒತ್ತಿ, ಗಾಳಿಗುಳ್ಳೆ ಹೊರಗೆ ಸವರಿ, ಅಂಚಿಗೆ ಟೇಪು ಹಚ್ಚುವುದು. ಮರುದಿನ ಹಾಳೆ ಎಬ್ಬಿಸಿದರೆ ಅಚ್ಚಿನಿಂದ ತೆಗೆದ ಹಾಗೆ ನುಣ್ಣಗೆ. ಮೂರನೆಯದು ಪಿವಿಎ ಎಂಬ ನೀರಿನಲ್ಲಿ ಕರಗುವ ದ್ರವ. ಜೆಲ್‌ಕೋಟ್ ಸ್ವಲ್ಪ ಕಟ್ಟಿದ ಮೇಲೆ ಅದನ್ನು ತೆಳ್ಳಗೆ ಸಿಂಪಡಿಸಿದರೆ ಪೊರೆ ಆಗುತ್ತದೆ, ಕೆಲಸ ಮುಗಿದ ಮೇಲೆ ನೀರು ಹೊಯ್ದು ತೊಳೆದರೆ ಹೋಯಿತು. ನನಗೆ ಕೇಳಿದರೆ ಅಂಗೈ ಅಗಲದ ಗಾಯಕ್ಕೆ ಹಾಳೆ, ದೊಡ್ಡದಕ್ಕೆ ಮೇಣ.

ಮುಚ್ಚಿದರೂ ಕೆಲವು ಸಲ ಕಟ್ಟುವುದಿಲ್ಲ. ಆಗ ದೋಷ ಹೆಪ್ಪಿನಲ್ಲಿ. ಕೆಟಲಿಸ್ಟ್ ಅಂತ ಬಾಟ್ಲಿಯಲ್ಲಿ ಬರುವ ನೀರಿನಂಥ ದ್ರವಕ್ಕೆ ಎಂಇಕೆಪಿ ಅಂತ ಹೆಸರು. ಜೆಲ್‌ಕೋಟಿನ ನೂರು ಪಾಲಿಗೆ ಒಂದರಿಂದ ಎರಡು ಪಾಲು ಅದು ಬೇಕು. ಅಂದರೆ ಒಂದು ಕಿಲೋಗೆ 10ರಿಂದ 20 ಗ್ರಾಂ. ಬಿರುಬಿಸಿಲಿನ ದಿನ ಕಮ್ಮಿ, ಮಳೆಯ ತಂಪಿನಲ್ಲಿ ಸ್ವಲ್ಪ ಜಾಸ್ತಿ. ಕಣ್ಣಳತೆಯಲ್ಲಿ ಹೊಯ್ಯುವವರೇ ಜಾಸ್ತಿ ಜನ, ಅಲ್ಲೇ ಕೆಡುವುದು. ಮೊಸರಿಗೆ ಹೆಪ್ಪು ಕಮ್ಮಿ ಆದರೆ ಮಧ್ಯಾಹ್ನದ ಬದಲು ಸಂಜೆಗೆ ಕಟ್ಟೀತು. ಇದು ಹಾಗಲ್ಲ. ಒಂದಕ್ಕಿಂತ ಕಮ್ಮಿ ಆದರೆ ಅರ್ಧಕ್ಕೆ ನಿಂತದ್ದು ನಿಂತೇ ಹೋಗುತ್ತದೆ, ವಾರ ಕಾದರೂ ಪೂರ್ತಿ ಆಗುವುದಿಲ್ಲ. ಬೇಗ ಆಗಲಿ ಅಂತ ಜಾಸ್ತಿ ಹೊಯ್ದರೆ ಬಟ್ಟಲಿನಲ್ಲೇ ಬಿಸಿಯಾಗಿ ಗಂಟು ಕಟ್ಟುತ್ತದೆ. ಹಚ್ಚಿದ್ದು ಬಿರುಕು ಬಿಡುತ್ತದೆ, ಬಣ್ಣ ಕಂದುತ್ತದೆ. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಅಥವಾ ಮದ್ದಿನ ಅಂಗಡಿಯ ಸಿರಿಂಜು ಸಾಕು. ಬಟ್ಟಲಿನ ಬದಿ, ತಳ ಕೆರೆದು ಎರಡು ನಿಮಿಷ ನಿಧಾನ ಕಲಸಬೇಕು. ಬಿಸಿಲಲ್ಲಿ ಇಟ್ಟ ಹಳೆಯ ಬಾಟ್ಲಿಯ ಕೆಟಲಿಸ್ಟಿಗೆ ಶಕ್ತಿ ಇರುವುದಿಲ್ಲ ಅಂತಲೂ ನೆನಪಿರಲಿ.

ಇದರ ಜೊತೆಗೆ ಎಕ್ಸಿಲರೇಟರ್ ಅಂತ ನೇರಳೆ ಬಣ್ಣದ ಕೋಬಾಲ್ಟ್ ದ್ರವ ಒಂದು ಉಂಟು. ಕೆಲವು ಜೆಲ್‌ಕೋಟಿಗೆ ಕಾರ್ಖಾನೆಯಲ್ಲೇ ಸೇರಿಸಿರುತ್ತಾರೆ, ಕೆಲವಕ್ಕೆ ನಾವು ಸೇರಿಸಬೇಕು. ಸೇರಿಸುವ ಕ್ರಮ ತಪ್ಪಬಾರದು. ಮೊದಲು ನೇರಳೆಯದ್ದನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಕೆಟಲಿಸ್ಟ್. ಆ ಎರಡನ್ನು ನೇರ ಒಟ್ಟಿಗೆ ಹೊಯ್ದರೆ ಬೆಂಕಿ ಹಿಡಿದು ಸಿಡಿಯುತ್ತದೆ. ಎರಡಕ್ಕೂ ಒಂದೇ ಸಿರಿಂಜು ಕೂಡ ಬಳಸಬಾರದು. ಅಡಿಕೆ ಬೆಳೆಯುವವರಿಗೆ ಕ್ರಮದ ಬೆಲೆ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ಮಾಡುವಾಗ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತೇವೆ, ಸುಣ್ಣವನ್ನು ತುತ್ತಿಗೆ ಹೊಯ್ದರೆ ಮದ್ದು ಒಡೆಯುತ್ತದೆ. ಅಲ್ಲಿ ಮದ್ದು ಹಾಳು, ಇಲ್ಲಿ ಮುಖ ಹಾಳು.

ಇನ್ನು ಮಳೆಗಾಲದ ಕಷ್ಟ. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗ್ ನಿಷೇಧ ಉಂಟು. ಈಗ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಸಣ್ಣ ದೋಣಿಗಳಿಗೆ ನಿಷೇಧ ಇಲ್ಲದಿದ್ದರೂ ಕಡಲು ಕೆರಳಿದ ದಿನಗಳಲ್ಲಿ ಅವೂ ದಡದಲ್ಲೇ. ದೋಣಿ ಮೇಲೆ ಇರುವುದು ಆಗ, ರಿಪೇರಿಗೆ ಪುರುಸೊತ್ತು ಆಗ. ಕೆಲಸಕ್ಕೆ ಎಲ್ಲಕ್ಕಿಂತ ಕೆಟ್ಟ ಹವೆಯೂ ಆಗಲೇ. ಚಳಿಯ ದೇಶದವರಿಗೆ ಉಷ್ಣ ಸಾಲದು ಅಂತ ತೊಂದರೆ. ನಮಗೆ ಆಷಾಢದಲ್ಲೂ ಸೆಕೆ ಬೇಕಾದಷ್ಟು ಉಂಟು, ತೊಂದರೆ ಪಸೆಯದ್ದು. ಒಡೆದ ಜಾಗದ ಗಾಜಿನ ನಾರು ಬತ್ತಿಯ ಹಾಗೆ ನೀರು ಹೀರಿಕೊಂಡಿರುತ್ತದೆ. ಮೇಲೆ ಮುಟ್ಟಿದರೆ ಒಣ, ಒಳಗೆ ಒದ್ದೆ. ಅದರ ಮೇಲೆ ಹಚ್ಚಿದ ಜೆಲ್‌ಕೋಟ್ ಕಟ್ಟಿದರೂ ಹಿಡಿಯುವುದಿಲ್ಲ, ಚಿಪ್ಪು ಚಿಪ್ಪಾಗಿ ಏಳುತ್ತದೆ. ಉಪ್ಪು ಉಳಿದರೆ ಅದು ಹವೆಯ ನೀರನ್ನು ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಸಿಹಿನೀರಿನಲ್ಲಿ ತೊಳೆದು, ಮಾಡಿನ ಕೆಳಗೆ ಕೆಲವು ದಿನ ಬಿಡಬೇಕು. ಹತ್ತಿರ ಬಲ್ಬು ಉರಿಸಿಟ್ಟರೂ ಆದೀತು. ಗಾಳಿ ಬೇಕಾದದ್ದು ಈ ಹೊತ್ತಿಗೆ. ಆಮೇಲೆ 80ರ ಉಪ್ಪುಕಾಗದದಲ್ಲಿ ಒಡಕಿನ ಅಂಚನ್ನು ಇಳಿಜಾರಾಗಿ ಉಜ್ಜಿ, ಪುಡಿ ಹೊಡೆದು, ಶುದ್ಧ ಬಟ್ಟೆಯಲ್ಲಿ ಅಸಿಟೋನ್ ಒರೆಸಿ, ಅದು ಪೂರ್ತಿ ಆರಿದ ಮೇಲೆ ಹಚ್ಚುವುದು. ಬೆಳಗ್ಗಿನ ಮಂಜು ಹನಿ ಹೋಗಿ ಹತ್ತು ಗಂಟೆ ಆಗಲಿ. ಬೇಸಗೆಯಲ್ಲಾದರೆ ಇದಕ್ಕೆ ತದ್ವಿರುದ್ಧ, ನೆರಳು ಹುಡುಕಬೇಕು. ಬಿಸಿಲಿಗೆ ಕಾದ ಮೈಗೆ ಹಚ್ಚಿದರೆ ಬ್ರಷ್ ಎಳೆಯುವ ಮೊದಲೇ ಕಟ್ಟಿಬಿಡುತ್ತದೆ. ಒಮ್ಮೆಗೆ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವಷ್ಟೇ ಕಲಸಬೇಕು.

ತೀರ ತೆಳುವಾಗಿ ಎಳೆದರೂ ಕಟ್ಟುವುದಿಲ್ಲ ಅಂತ ಪೈಂಟ್ ಹೊಡೆದು ಅಭ್ಯಾಸ ಇದ್ದವರಿಗೆ ನಂಬಿಕೆ ಬರುವುದಿಲ್ಲ. ಪೈಂಟ್ ತೆಳು ಆದಷ್ಟು ಬೇಗ ಒಣಗುತ್ತದೆ. ಜೆಲ್‌ಕೋಟ್ ಕಟ್ಟುವಾಗ ತಾನೇ ಬಿಸಿ ಹುಟ್ಟಿಸಿಕೊಂಡು, ಆ ಬಿಸಿಯಿಂದಲೇ ಮುಂದೆ ಕಟ್ಟುತ್ತದೆ. ತೆಳು ಪದರದಲ್ಲಿ ಬಿಸಿ ನಿಲ್ಲುವುದಿಲ್ಲ, ಸ್ಟೈರೀನೂ ಹಾರಿಹೋಗುತ್ತದೆ. ಮೇಲೆ ಹೇಳಿದ ಮದುವೆ ಕಾಗದದ ಲೆಕ್ಕ ಇದಕ್ಕೇ. ತಿನ್ನರ್ ಹೊಯ್ದು ನೀರು ಮಾಡುವವರಿಗೆ ಎಂತ ಹೇಳುವುದೋ ನನಗೆ ಗೊತ್ತಿಲ್ಲ.

ಇತ್ತೀಚೆಗೆ ಬಂದ ಇನ್ನೊಂದು ತೊಡಕು ಎಪಾಕ್ಸಿ. ಅದು ಪಾಲಿಯೆಸ್ಟರಿಗಿಂತ ಗಟ್ಟಿ ಹಿಡಿಯುವ ಅಂಟು, ತೂತು ಮುಚ್ಚಲಿಕ್ಕೆ ಒಳ್ಳೆಯದೇ. ಆದರೆ ಅದರ ಹಾರ್ಡ್ನರಿನಲ್ಲಿ ಇರುವ ಅಮೈನ್ ಎಂಬ ವಸ್ತು ಪೂರ್ತಿ ಬೆರೆಯದೆ ಉಳಿದರೆ ಮೇಲೆ ಹಚ್ಚಿದ ಜೆಲ್‌ಕೋಟಿನ ಸರಪಳಿಯನ್ನು ಕೆಳಗಿನಿಂದ ಕೆಡಿಸುತ್ತದೆ. ಮೇಲೆ ಗಟ್ಟಿ, ಉಗುರು ಹಾಕಿದರೆ ಅಡಿಯಲ್ಲಿ ಮೆತ್ತಗೆ, ಹಾಳೆಯಾಗಿ ಏಳುತ್ತದೆ. ಜೆಲ್‌ಕೋಟ್ ಬೇಕೇಬೇಕು ಅಂತಿದ್ದರೆ ಕೆಳಗಿನ ಕೆಲಸವನ್ನೂ ಪಾಲಿಯೆಸ್ಟರಿನಲ್ಲೇ ಮಾಡುವುದು ಸುಲಭ. ಎಪಾಕ್ಸಿ ಆಗಿಹೋಗಿದ್ದರೆ ಕೆಲವು ದಿನ ಬಿಟ್ಟು, ನೀರಿನಲ್ಲಿ ತೊಳೆದು, ಉಜ್ಜಿ, ಮೇಲೆ ದೋಣಿಯ ಪೈಂಟ್ ಹೊಡೆಯುವುದೇ ವಾಸಿ.

ಕಟ್ಟಿದೆಯಾ ಇಲ್ಲವಾ ಅಂತ ನೋಡುವ ಬಗೆ ಸುಲಭ. ಮರುದಿನ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿ, ಮೈ ಮೆತ್ತಗಾದರೆ ಕಟ್ಟಿಲ್ಲ. ಬೋರ್ಡೋ ಮದ್ದಿಗೆ ಕಬ್ಬಿಣದ ಕತ್ತಿ ಅದ್ದಿ ತಾಮ್ರ ಹತ್ತುತ್ತದಾ ನೋಡುವ ಹಾಗೆ. ಮೇಲ್ಪದರ ಮಾತ್ರ ಅಂಟಿದ್ದು ಕೆಳಗೆ ಗಟ್ಟಿ ಇದ್ದರೆ ಹೆದರಬೇಡಿ, ಅಸಿಟೋನಿನಲ್ಲಿ ಅಂಟು ಒರೆಸಿ ತೆಗೆದು, ನೀರು ಹಾಕಿ ಉಪ್ಪುಕಾಗದ ಉಜ್ಜಿದರೆ ಒಳ್ಳೆಯ ಮೈ ಸಿಗುತ್ತದೆ. 400, 600, 1000 ಅಂತ ನುಣುಪು ಹೆಚ್ಚಿಸುತ್ತಾ ಹೋಗುವುದು. ಅಡಿಯವರೆಗೆ ಮೆತ್ತಗಿದ್ದರೆ ಮಾತ್ರ ಪೂರಾ ಕೆರೆದು ತೆಗೆದು ಮೊದಲಿನಿಂದ ಮಾಡಬೇಕು, ಅದರ ಮೇಲೆ ಮತ್ತೊಂದು ಪದರ ಎಳೆದು ಮುಚ್ಚುವುದು ಮೋಸ. ಹಾಗೆ ಮುಚ್ಚಿದ್ದಕ್ಕೆ ವರ್ಷ ಎರಡು ವರ್ಷದಲ್ಲಿ ಬೊಕ್ಕೆ ಏಳುತ್ತದೆ. ಬೊಕ್ಕೆ ಒಡೆದರೆ ಹುಳಿ ವಾಸನೆಯ ನೀರು. ಸಮುದ್ರದ ನೀರು ಒಳಗೆ ಇಳಿದು ರೆಸಿನ್ನನ್ನೇ ಕರಗಿಸುತ್ತಾ ಇದೆ ಅಂತ ಅದರ ಅರ್ಥ. ಆ ದೋಣಿಯಲ್ಲಿ ನಾಲ್ಕೈದು ಜನ ನಡುರಾತ್ರಿ ಕಡಲಿಗೆ ಹೋಗುತ್ತಾರೆ.

ಕೈಗೆ, ಕಣ್ಣಿಗೆ ಆಗುವ ಅಪಾಯವನ್ನೂ ಬರೆಯದೆ ಇರಲಾರೆ. ಕೆಟಲಿಸ್ಟಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಬಿದ್ದ ಕ್ಷಣವೇ ಧಾರಾಳ ನೀರಿನಲ್ಲಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಓಡಬೇಕು. ಕನ್ನಡಕ, ಕೈಚೀಲ ಬೇಕೇ ಬೇಕು. ಉಜ್ಜುವಾಗ ಹಾರುವ ಗಾಜಿನ ಪುಡಿಗೆ ಮೂಗುಬಾಯಿ ಮುಚ್ಚುವ ಒಳ್ಳೆಯ ಮಾಸ್ಕ್ ಬೇಕು. ಅಂಗಿ ಬಿಚ್ಚಿ, ಬೀಡಿ ಕಚ್ಚಿ ಈ ಕೆಲಸ ಮಾಡುವ ಹುಡುಗರನ್ನು ಈಗಲೂ ಕಾಣುತ್ತೇವೆ. ಸ್ಟೈರೀನ್ ಪೆಟ್ರೋಲಿನ ಹಾಗೆ ಹತ್ತಿಕೊಳ್ಳುವ ವಸ್ತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ವಿಷ ಎಂತದ್ದು ಅಂತ ಹೇಳದೆ ನಮ್ಮ ನೆತ್ತಿಯ ಮೇಲೆ ಹೊಯ್ದರು. ಡಬ್ಬದ ಮೇಲೆ ಬರೆದದ್ದನ್ನು ಓದಿ ಹೇಳುವವರು ಇಲ್ಲದಿರುವುದು ಎಷ್ಟು ದುಬಾರಿ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಡಬ್ಬದ ಮೇಲೆ ಇರುವುದು ಇಂಗ್ಲಿಷ್. ಅಂಗಡಿಯಲ್ಲಿ ಹೇಳುವುದು ಮಲಯಾಳ, ಅದೂ ಅವಸರದಲ್ಲಿ ಎರಡು ಮಾತು. ಕನ್ನಡ ಶಾಲೆಯಲ್ಲಿ ಏಳನೆಯ ತನಕ ಕಲಿತು ಕೆಲಸಕ್ಕೆ ಇಳಿದವನಿಗೆ ಇದನ್ನು ಅವನ ಅಕ್ಷರದಲ್ಲಿ ಯಾರೂ ಕೊಡಲಿಲ್ಲ. ಹಿಂದೆ ಆಚಾರಿಯ ಮಗ ಅಪ್ಪನ ಹತ್ತಿರ ಕೂತು ಯಾವ ಮರಕ್ಕೆ ಯಾವ ಎಣ್ಣೆ ಅಂತ ಕಲಿಯುತ್ತಿದ್ದ. ಫೈಬರಿನ ಕೆಲಸಕ್ಕೆ ಅಪ್ಪ ಇಲ್ಲ. ವಿಜ್ಞಾನದ ಮಾಷ್ಟ್ರು, ಟೀಚರ್‌ಗಳು ಈ ಪುಸ್ತಕ ಓದುವವರಲ್ಲಿ ಇದ್ದೀರಿ. ಪಾಲಿಮರ್ ಪಾಠ ಬರುವಾಗ ಮಕ್ಕಳನ್ನು ಒಮ್ಮೆ ಕಡಲಕರೆಗೆ ಕರಕೊಂಡು ಹೋಗಿ. ಸಣ್ಣ ಬಟ್ಟಲಿನಲ್ಲಿ ಎರಡು ತುಂಡಿಗೆ ಹಚ್ಚಿಸಿ, ಒಂದರ ಮೇಲೆ ಹಾಳೆ ಮುಚ್ಚಿ, ಇನ್ನೊಂದನ್ನು ಗಾಳಿಗೆ ಬಿಡಿ. ಮುಟ್ಟಿ ನೋಡುವುದು ಮರುದಿನ, ಕೈಚೀಲ ಹಾಕಿಕೊಂಡು.

ಮರದ ದೋಣಿ ಸತ್ತರೆ ಅದರ ಹಲಗೆ ಹಟ್ಟಿಯ ಗೋಡೆಗೋ, ಬಚ್ಚಲ ಒಲೆಗೋ ಹೋಗುತ್ತಿತ್ತು, ಕಡೆಗೆ ಬೂದಿ ತೆಂಗಿನ ಬುಡಕ್ಕೆ. ಫೈಬರ್ ದೋಣಿಯನ್ನು ಒಲೆಗೆ ಹಾಕುವ ಹಾಗಿಲ್ಲ, ಅದರ ಹೊಗೆಯೂ ವಿಷ. ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ಸೀಳಿದ ದೋಣಿಗಳು ಹೊಯಿಗೆಯಲ್ಲಿ ಅರ್ಧ ಹೂತು ಬಿದ್ದಿವೆ, ಬಳ್ಳಿ ಹಬ್ಬಿ, ಮಳೆನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಕೆಲವು ಕಡೆ ಅರ್ಧ ಕತ್ತರಿಸಿ ದನಕ್ಕೆ ನೀರಿಡುವ ಬಾನಿ ಮಾಡಿಕೊಂಡಿದ್ದಾರೆ. ಅದರ ಹೊರಮೈಯ ಬಣ್ಣ ಇನ್ನೂ ಮಾಸಿಲ್ಲ.